‘ಆಯಿತಮ್ಮ’ ಎನ್ನುವ ಮೊದಲು

(ಹಾಸನದಲ್ಲಿ ಡೇಕೇರ್ ನಡೆಸುವವರು, ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯ ಆರೈಕೆದಾರರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರ, ಆಲೂರು ಕಡೆಯಿಂದ ಈ ಮಳೆಯಲ್ಲಿ ಬಸ್ಸು ಹಿಡಿದು ಬಂದಿರುವ ಅಕ್ಕಂದಿರಿಗೆ ವಿಶೇಷವಾಗಿ ನಮಸ್ಕಾರ. ಮಕ್ಕಳನ್ನು ನೋಡಿಕೊಳ್ಳುವ ಕೆಲಸದ ಬಗ್ಗೆ ಸಭೆ ನಡೆದರೆ ಕಟ್ಟಡ, ಆಟದ ಸಾಮಾನು, ಅನುದಾನ ಇವುಗಳ ಮಾತಿನಲ್ಲೇ ಹೊತ್ತು ಹೋಗುತ್ತದೆ. ನಾನು ಅದಾವುದನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಮಗುವನ್ನು ನಮ್ಮ ಕೈಗೆ ಕೊಡುವಾಗ ತಾಯಿ ಹೇಳಿ ಹೋಗುವ ಒಂದೆರಡು ಮಾತುಗಳ ಬಗ್ಗೆ ಮಾತ್ರ ಹೇಳಬೇಕೆಂದಿದ್ದೇನೆ.

“ಮೇಡಂ, ಮೊಸರು ಕೊಡಬೇಡಿ, ನೆಗಡಿಯಾಗಿದೆ.” “ಅಕ್ಕ, ಮಧ್ಯಾಹ್ನ ಮಲಗಿಸಬೇಡಿ, ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ.” “ಹನ್ನೊಂದು ಗಂಟೆಗೆ ಈ ಸಿರಪ್ಪು ಒಂದು ಚಮಚ.” “ಅವರ ಅಪ್ಪ ಬಂದರೆ ದಯವಿಟ್ಟು ಕಳುಹಿಸಬೇಡಿ.” ರಸ್ತೆಯಲ್ಲಿ ಫ್ಯಾಕ್ಟರಿಯ ಬಸ್ಸು ಹಾರನ್ನು ಹೊಡೆಯುತ್ತಿರುತ್ತದೆ, ತಾಯಿ ಚಪ್ಪಲಿ ಮೆಟ್ಟುತ್ತಲೇ ಇದನ್ನೆಲ್ಲ ಹೇಳುತ್ತಾಳೆ. ನಮ್ಮ ಉತ್ತರವೂ ಸಿದ್ಧವಾಗಿರುತ್ತದೆ: “ಆಯಿತಮ್ಮ, ನೋಡಿಕೊಳ್ಳುತ್ತೇವೆ, ನೀವು ಹೋಗಿ ಬನ್ನಿ.”

ನನ್ನ ತಕರಾರು ಈ ಉತ್ತರದ ಮೇಲೆ. ಅದು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಅನುಮಾನವಿಲ್ಲ. ಆದರೆ ಅದರಿಂದ ತಾಯಿಗೆ ಸಮಾಧಾನ ಸಿಕ್ಕಿತು, ನಮಗೆ ಮುಂದಿನ ಮಗುವನ್ನು ಎತ್ತಿಕೊಳ್ಳಲು ಬಿಡುವು ಸಿಕ್ಕಿತು, ಮಗುವಿಗೆ ಏನೂ ಸಿಗಲಿಲ್ಲ. ಮಾತನ್ನು ಕೇಳಿಸಿಕೊಂಡವಳು ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿರುತ್ತಾಳೆ, ಮಗು ಇನ್ನೊಬ್ಬಳ ಮಡಿಲಲ್ಲಿರುತ್ತದೆ. ಬಾಗಿಲಲ್ಲಿ ಇಲ್ಲದೇ ಇದ್ದ ಆ ಇನ್ನೊಬ್ಬಳೂ ತಪ್ಪಿಲ್ಲದೆ ಮಾಡುವಷ್ಟು ಬಿಡಿಸಿ ಕೇಳಿಕೊಳ್ಳುವವರೆಗೆ ಯಾವ ಬೇಡಿಕೆಯನ್ನೂ ಒಪ್ಪಬಾರದು ಎಂಬುದು ನನ್ನ ಮಾತಿನ ತಿರುಳು. ಉಳಿದದ್ದೆಲ್ಲ ಇದರ ವಿವರ.

ಔಷಧದಿಂದಲೇ ಶುರು ಮಾಡುತ್ತೇನೆ. ನಮ್ಮ ಬಾಗಿಲಿಗೆ ಅತಿ ಹೆಚ್ಚು ಬರುವುದು ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್. ಅದು ಒಂದೇ ಔಷಧ, ಆದರೆ ಒಂದೇ ಬಾಟಲಿಯಲ್ಲ. ಡ್ರಾಪರ್ ಇರುವ ಸಣ್ಣ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧವಿರುತ್ತದೆ. ಒಂದು ಬಗೆಯ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಆಸುಪಾಸು. ಇನ್ನೊಂದು ಬಗೆಯದರಲ್ಲಿ ಅದೇ 5 ಮಿಲಿಲೀಟರಿಗೆ 250. ಮಗುವಿಗೆ ಎಷ್ಟು ಬೇಕೆಂಬುದು ತೂಕದ ಲೆಕ್ಕ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಂ ಕೊಡಬೇಕೆಂದು ವೈದ್ಯರು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಡ್ರಾಪ್ಸ್ ಆದರೆ ಅದು ಒಂದೂವರೆ ಮಿಲಿಲೀಟರ್, ಮೊದಲ ಸಿರಪ್ಪಾದರೆ ಆರು, ಎರಡನೆಯದಾದರೆ ಮೂರು. ಈಗ “ಒಂದು ಚಮಚ ಹಾಕಿ ಅಕ್ಕ” ಎಂಬ ಮಾತನ್ನು ನಂಬಿ ಡ್ರಾಪ್ಸ್ ಬಾಟಲಿಯಿಂದ 5 ಮಿಲಿಲೀಟರಿನ ಚಮಚ ತುಂಬಿದರೆ 500 ಮಿಲಿಗ್ರಾಂ ಒಳಗೆ ಹೋಯಿತು. ಬೇಕಾದದ್ದರ ಮೂರು ಪಟ್ಟಿಗೂ ಹೆಚ್ಚು. ತಾಯಿ ಸುಳ್ಳು ಹೇಳಲಿಲ್ಲ, ಆಯಾ ಉದಾಸೀನ ಮಾಡಲಿಲ್ಲ. ‘ಚಮಚ’ ಎಂದಷ್ಟೇ ಹೇಳಿ ಬಿಟ್ಟದ್ದರಿಂದ ಇಷ್ಟಾಯಿತು.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಮನೆಯಲ್ಲಿ ಕೊನೆಯ ಬಾರಿ ಎಷ್ಟು ಗಂಟೆಗೆ ಕೊಟ್ಟಿರಿ? ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರ ಬೇಕು. ಎಷ್ಟೋ ಸಲ ತಾಯಿಗೆ ಗೊತ್ತಿರುವುದಿಲ್ಲ, ಅವಳು ಸ್ನಾನಕ್ಕೆ ಹೋಗಿದ್ದಾಗ ಅಜ್ಜಿ ಕೊಟ್ಟಿರುತ್ತಾರೆ. ಆಗ ಅಜ್ಜಿಗೆ ಫೋನು ಮಾಡಿಸಿ. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಆ ಒಂದು ನಿಮಿಷ ಅವಳನ್ನು ನಿಲ್ಲಿಸಿಕೊಳ್ಳಿ. ನೆಗಡಿಯ ಸಿರಪ್ಪೂ ಜೊತೆಗೆ ಬಂದಿದ್ದರೆ ಅದರ ಲೇಬಲ್ ಓದಿ. ಕೆಲವದರಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡನ್ನೂ ಕೊಟ್ಟರೆ ಒಂದೇ ಔಷಧವನ್ನು ಎರಡು ಸಲ ಕೊಟ್ಟಂತಾಗುತ್ತದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಬರೆಯುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪು ಕುಡಿದು ಪುಟ್ಟ ಮಕ್ಕಳು ಪ್ರಾಣ ಬಿಟ್ಟದ್ದನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬರೆಯಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಆಗ ಹೇಳಿತು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಔಷಧಕ್ಕೆ ನಮ್ಮಲ್ಲಿ ಜಾಗವಿಲ್ಲ. ಮಗುವಿನ ಹೆಸರಿರುವ ವೈದ್ಯರ ಚೀಟಿ, ಔಷಧದ ಮೂಲ ಬಾಟಲಿ, ಅದರೊಂದಿಗೆ ಬಂದ ಅಳತೆಯ ಮುಚ್ಚಳ ಅಥವಾ ಸಿರಿಂಜು ಇಷ್ಟೂ ಇರಬೇಕು. ಹೊಸ ಔಷಧದ ಮೊದಲ ಡೋಸು ಮನೆಯಲ್ಲೇ ಆಗಿರಬೇಕು, ಒಗ್ಗದಿದ್ದರೆ ಮೊದಲು ಕಾಣುವುದು ತಾಯಿಯ ಕಣ್ಣಿಗಾಗಲಿ.

ಅಜ್ಜಿಯರ ಔಷಧದ ಬಗ್ಗೆ ಸ್ವಲ್ಪ ಮೃದುವಾಗಿ ಮಾತನಾಡುತ್ತೇನೆ, ಆದರೆ ಉತ್ತರ ಮೃದುವಲ್ಲ. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ನಮ್ಮ ಸೀಮೆಯಲ್ಲಿ ಹಳೆಯ ರೂಢಿ. ತೇಯುವ ಕಲ್ಲಿನ ಮೇಲೆ ಎಷ್ಟು ಸುತ್ತು ತಿರುಗಿಸಬೇಕೆಂಬುದು ಆ ಅಜ್ಜಿಯ ಕೈಗೆ ಗೊತ್ತು, ನಮ್ಮ ಕೈಗೆ ಗೊತ್ತಿಲ್ಲ. ಜಾಯಿಕಾಯಿ ಹೆಚ್ಚಾದರೆ ಮಗುವಿಗೆ ಮಂಪರು ಕವಿಯುತ್ತದೆ. ಆದ್ದರಿಂದ ನಾವು ಅದನ್ನು ಕೊಡುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನಂತೂ ಕೊಡುವ ಮಾತೇ ಇಲ್ಲ. “ಇದು ಅಂಗಡಿಯದಲ್ಲ ಮೇಡಂ, ನಮ್ಮ ತೋಟದ್ದು” ಎನ್ನುತ್ತಾರೆ. ತೊಂದರೆ ಇರುವುದು ಕಲಬೆರಕೆಯಲ್ಲಲ್ಲ. ಅಪ್ಪಟ ಜೇನಿನಲ್ಲೂ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳನ್ನು ದೊಡ್ಡವರ ಕರುಳು ತಾಳಿಕೊಳ್ಳುತ್ತದೆ, ಎಳೆಗೂಸಿನ ಕರುಳು ತಾಳಲಾರದು. ಇದನ್ನು ಹೀಗೆ ಕಾರಣ ಸಹಿತ ಹೇಳಿದರೆ ಅಜ್ಜಿಯರು ಒಪ್ಪುತ್ತಾರೆ. “ನಮ್ಮ ರೂಲ್ಸ್‌ನಲ್ಲಿ ಇದಕ್ಕೆ ಅವಕಾಶವಿಲ್ಲ” ಎಂದಷ್ಟೇ ಹೇಳಿದರೆ ಮುನಿಸಿಕೊಂಡು, ಮಾರನೆಯ ದಿನ ಮನೆಯಲ್ಲೇ ನೆಕ್ಕಿಸಿ ಕಳುಹಿಸುತ್ತಾರೆ.

ಮೊಸರಿನ ಮಾತಿಗೆ ಬರುತ್ತೇನೆ. ಸಣ್ಣ ವಿಷಯ, ಆದರೆ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆಷಾಢದಲ್ಲಿ ನೆಗಡಿಯೆಂದು ನಿಂತ ಮೊಸರು ದೀಪಾವಳಿ ಕಳೆದರೂ ಮಗುವಿನ ತಟ್ಟೆಗೆ ಬರುವುದಿಲ್ಲ. ತಾಯಿ ಹೇಳಿದ್ದನ್ನು ಮರೆತಿರುತ್ತಾಳೆ. ನಾವು ಮರೆಯದೆ ಪಾಲಿಸುತ್ತಿರುತ್ತೇವೆ. ಪಕ್ಕದ ಮಕ್ಕಳೆಲ್ಲ ಮೊಸರನ್ನ ಕಲಸಿಕೊಳ್ಳುವಾಗ ಈ ಮಗು ಸಾರನ್ನಕ್ಕೇ ಕೈ ನಿಲ್ಲಿಸಿ, ನಮ್ಮ ಮುಖ ನೋಡುತ್ತಾ ಕೂರುತ್ತದೆ. ಹೀಗಾಗಿ ನಮ್ಮ ದಾಖಲೆ ಪುಸ್ತಕದಲ್ಲಿ ಏನು, ಎಷ್ಟು, ಯಾವಾಗ, ಯಾರು ಹೇಳಿದರು ಎಂಬುದರ ಜೊತೆಗೆ ‘ಎಲ್ಲಿಯವರೆಗೆ’ ಎಂಬ ಕಾಲಂ ಕಡ್ಡಾಯ. ತಾರೀಖು ಮುಗಿದರೆ ಮತ್ತೆ ಕೇಳುತ್ತೇವೆ. ಬರೆಯಲು ಬಾರದ ತಾಯಿಯಿದ್ದರೆ ನಾವೇ ಬರೆದು, ಅವಳಿಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತೇವೆ. ಓದಿ ಹೇಳುವಾಗಲೇ ಅರ್ಧ ತಪ್ಪುಗಳು ಸಿಕ್ಕಿಬೀಳುತ್ತವೆ.

ಎದೆಹಾಲಿನ ಬೇಡಿಕೆ ಈಗೀಗ ಹೆಚ್ಚಾಗುತ್ತಿದೆ, ಸಂತೋಷದ ಸಂಗತಿ. ಹಿಂಡಿಟ್ಟ ಹಾಲನ್ನು ಸ್ಟೀಲಿನ ಡಬ್ಬಿಯಲ್ಲಿ ತಂದು, “ಬಾಟಲಿ ಬೇಡ, ಒಳಲೆಯಲ್ಲಿ ಕುಡಿಸಿ” ಎನ್ನುವ ತಾಯಂದಿರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ. ಬೆಳಗಿನ ಜಾವ ಎದ್ದು ಹಾಲು ಹಿಂಡಿಟ್ಟು, ರೊಟ್ಟಿ ತಟ್ಟಿ, ಎಂಟು ಗಂಟೆಗೆ ಮೆಷಿನ್ನಿನ ಮುಂದೆ ಕೂರುವವರು ಅವರು. ಡಬ್ಬಿಯ ಮೇಲೆ ಹೆಸರು ಮತ್ತು ಹಿಂಡಿದ ಗಂಟೆ ಎರಡೂ ಬೇಕು. ಹೊರಗಿಟ್ಟ ಹಾಲನ್ನು ನಾಲ್ಕು ಗಂಟೆಯೊಳಗೆ ಕುಡಿಸಿ, ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಒಲೆಯ ಮೇಲೆ ಕುದಿಸಬಾರದು, ಬಿಸಿನೀರಿನ ಬಟ್ಟಲಿನಲ್ಲಿ ಡಬ್ಬಿಯನ್ನು ಇಟ್ಟು ಬೆಚ್ಚಗೆ ಮಾಡಬೇಕು. ಮಗು ಬಾಯಿ ಹಾಕಿ ಬಿಟ್ಟ ಹಾಲನ್ನು ಎರಡು ಗಂಟೆಯ ನಂತರ ಇಟ್ಟುಕೊಳ್ಳಬಾರದು. ಚೆಲ್ಲಲು ಮನಸ್ಸು ಬಾರದು, ಆದರೂ ಚೆಲ್ಲಿ. ಒಳಲೆ ಹಿಡಿಯುವಾಗ ಮಗುವಿನ ತಲೆ ಎತ್ತರದಲ್ಲಿರಲಿ, ಹಾಲನ್ನು ಸುರಿಯಬೇಡಿ, ಒಂದೊಂದೇ ಗುಟುಕು ನುಂಗಿದ ಮೇಲೆ ಮುಂದಿನದು. ಹಸಿದ ಮಗು ಅಳುತ್ತಿರುವಾಗ ಒಳಲೆ ಬಗ್ಗಿಸಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ. ಅಳು ನಿಲ್ಲಿಸಿ, ಆಮೇಲೆ ಕುಡಿಸಿ.

ಈ ತಾಯಂದಿರಿಗೆ ಒಂದು ಮಾತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಲು ಬಿಡಬೇಕು ಎಂದಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಹೇಳುತ್ತದೆ. ದೊಡ್ಡ ಕಾಫಿ ತೋಟಗಳಿಗೆ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಶಿಶುಪಾಲನೆಯ ಕೋಣೆಯನ್ನು ಕಡ್ಡಾಯ ಮಾಡಿತ್ತು. ನಮ್ಮ ಬಳಿ ಕೇಳುವಂತೆಯೇ ನಿಮ್ಮ ಮ್ಯಾನೇಜರರ ಬಳಿಯೂ ಕೇಳಿ. ಎಲ್ಲ ಬೇಡಿಕೆಯ ಭಾರವನ್ನೂ ಸಣ್ಣ ಸಂಬಳದ ಆಯಾಳ ಹೆಗಲಿಗೆ ಹಾಕುವುದು ನ್ಯಾಯವಲ್ಲ.

ನಿದ್ದೆಯ ಬೇಡಿಕೆಗೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಕಣ್ಣು ಎಳೆಯುತ್ತಿರುವ ಕೂಸನ್ನು ನೀರು ಚಿಮುಕಿಸಿ ಎಬ್ಬಿಸಿಡುವುದು ನನ್ನಿಂದ ಆಗದು. ಆದರೆ ಸಂಜೆ ಏಳಕ್ಕೆ ಮನೆ ಸೇರಿ, ಬೆಳಿಗ್ಗೆ ಐದಕ್ಕೆ ಏಳುವ ತಾಯಿಯ ಸಂಕಟವೂ ನಿಜವೇ. ಬೇಗ ಮಲಗಿಸಿ ಬೇಗ ಎಬ್ಬಿಸುತ್ತೇವೆ, ಮೂರು ಗಂಟೆಯ ನಂತರ ಮಲಗಲು ಬಿಡುವುದಿಲ್ಲ ಎಂದು ನಡುದಾರಿ ಹುಡುಕಬಹುದು. ಕತ್ತಿನ ತಾಯತಕ್ಕೂ ಹೀಗೆಯೇ. ಬಿಚ್ಚಬೇಡಿ ಎಂದರೆ ಬಿಚ್ಚುವುದಿಲ್ಲ, ಆದರೆ ಮಲಗುವ ಮಗುವಿನ ಕತ್ತಿನಲ್ಲಿ ದಾರವಿದ್ದರೆ ಉರುಳಾಗಬಹುದು, ಉಡಿದಾರಕ್ಕೆ ಕಟ್ಟಿಕೊಡಿ ಎನ್ನುತ್ತೇವೆ. ರಕ್ಷೆ ಅಲ್ಲಿಯೂ ರಕ್ಷೆಯೇ ತಾನೆ ಎಂದರೆ ಒಪ್ಪದ ತಾಯಿಯನ್ನು ನಾನು ನೋಡಿಲ್ಲ.

ಇಷ್ಟು ಹೊತ್ತು ಹೇಳಿದ್ದು ಬಾಯಿಬಿಟ್ಟು ಕೇಳುವ ಬೇಡಿಕೆಗಳ ಬಗ್ಗೆ. ನನ್ನನ್ನು ಹೆಚ್ಚು ಕಾಡುವುದು ಹೇಳದೇ ಇರುವವು. ಮಗುವಿಗೆ ಜ್ವರ ಬಂದಾಗ ಒಮ್ಮೆ ಫಿಟ್ಸ್ ಬಂದಿತ್ತು, ಆದರೆ ಹೇಳಿದರೆ ಸೇರಿಸಿಕೊಳ್ಳುವುದಿಲ್ಲ ಎಂದು ತಾಯಿ ಮುಚ್ಚಿಡುತ್ತಾಳೆ. ಅವಳು ಹೆದರುವುದಕ್ಕೆ ಕಾರಣವೂ ಇದೆ. ಹೇಳಿದ ಎಷ್ಟೋ ತಾಯಂದಿರನ್ನು ನಮ್ಮಂಥವರೇ ಬಾಗಿಲಿನಿಂದ ವಾಪಸು ಕಳುಹಿಸಿದ್ದಾರೆ. ದಾಖಲಾತಿಯ ದಿನ “ಏನಾದರೂ ಕಾಯಿಲೆ ಇದೆಯಾ?” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರವೇ ಬರುತ್ತದೆ. “ಹಿಂದೆ ಯಾವತ್ತಾದರೂ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡುವಂತಾಗಿತ್ತಾ? ಆ ದಿನ ನೀವು ಏನು ಮಾಡಿದಿರಿ? ನಮಗೂ ಕಲಿಸಿಕೊಡಿ” ಎಂದು ಕೇಳಿ ನೋಡಿ. ಮುಚ್ಚಿಟ್ಟದ್ದು ಹೊರಗೆ ಬರುತ್ತದೆ. ಎಷ್ಟೋ ತಾಯಂದಿರು ಅಲ್ಲೇ ಕೂತು ಅತ್ತುಬಿಡುತ್ತಾರೆ, ಮೊದಲ ಬಾರಿಗೆ ಯಾರೋ ಅದನ್ನು ತಪ್ಪೆಂದು ನೋಡದೆ ಕೇಳಿದರು ಎಂದು.

ಜ್ವರದ ಫಿಟ್ಸ್ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಬರುತ್ತದೆ, ಎಂದರೆ ಸರಿಯಾಗಿ ನಮ್ಮ ಬಳಿ ಇರುವ ವಯಸ್ಸಿನಲ್ಲಿ. ಬಂದಾಗ ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇವುಗಳಿಂದ ಏನೂ ಆಗದು. ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ನಿಂತುಹೋದರೂ ತಾಯಿಗೆ ತಿಳಿಸಿ ಆಸ್ಪತ್ರೆಗೆ ತೋರಿಸಲೇಬೇಕು. ಕೆಲವು ಮಕ್ಕಳಿಗೆ ವೈದ್ಯರು ಮೂಗಿಗೆ ಹೊಡೆಯುವ ಸ್ಪ್ರೇ ಬರೆದುಕೊಟ್ಟಿರುತ್ತಾರೆ. ಅದು ಎಲ್ಲಿದೆ ಎಂಬುದು, ಹೇಗೆ ಹೊಡೆಯಬೇಕು ಎಂಬುದು ಅಡುಗೆಯವಳನ್ನೂ ಸೇರಿಸಿ ಎಲ್ಲರಿಗೂ ಗೊತ್ತಿರಬೇಕು. ಬೀರುವಿನೊಳಗೆ ಬೀಗ ಹಾಕಿಟ್ಟರೆ ಆ ಸ್ಪ್ರೇ ಇದ್ದೂ ಇಲ್ಲದಂತೆ.

ಇನ್ನು ಬೇಡ ಎನ್ನಬೇಕಾದ ಬೇಡಿಕೆಗಳು. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಮೊಟ್ಟೆ ಸೋಕಬಾರದೆಂದರೆ ಬೇರೆ ಸೌಟು, ಬೇರೆ ತಟ್ಟೆ ಇಡುತ್ತೇವೆ. ಹಲಾಲ್ ಅಲ್ಲದ ಮಾಂಸ ಬೇಡವೆಂದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಪಾಲಿಸುತ್ತೇವೆ. ಮೊಟ್ಟೆ ಒಗ್ಗದ ಮಗುವಿಗೂ ಅದೇ ಬೇರೆ ಸೌಟು ಬೇಕು, ಅಲ್ಲಿ ಅದು ಜೀವದ ಪ್ರಶ್ನೆ. ಆದರೆ “ನಮ್ಮ ಮಗುವನ್ನು ಆ ಕೇರಿಯ ಮಕ್ಕಳ ಪಕ್ಕ ಕೂರಿಸಬೇಡಿ”, “ಅವಳು ಮಾಡಿದ ಅಡುಗೆಯನ್ನು ತಿನ್ನಿಸಬೇಡಿ” ಎಂಬ ಮಾತು ಬಂದರೆ ಅದು ವಿಶೇಷ ಆರೈಕೆಯ ಬೇಡಿಕೆಯಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೊಡೆದುಹಾಕಿದೆ. ಅದನ್ನು ನಾನು ಎರಡು ವರ್ಷದ ಮಗುವಿನ ಊಟದ ಸಾಲಿನಲ್ಲಿ ಮತ್ತೆ ಹಾಸಿಕೊಡುವುದಿಲ್ಲ. ಮಾತನ್ನು ಸುತ್ತಿ ಬಳಸದೆ ನೇರವಾಗಿ ಹೇಳಿ: ಇಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಮಗುವನ್ನು ಬಿಡಿಸಿಕೊಂಡು ಹೋಗುವುದಾದರೆ ಹೋಗಲಿ. ಆ ತಿಂಗಳ ಶುಲ್ಕ ಹೋಗುತ್ತದೆ, ಹೋಗಲಿ.

“ಎರಡು ಬಿಗಿಯಿರಿ ಮೇಡಂ, ನಿಮಗಾದರೆ ಹೆದರುತ್ತಾನೆ” ಎಂದು ನಗುತ್ತಲೇ ಹೇಳುವ ಅಪ್ಪಂದಿರಿಗೂ ಅದೇ ಉತ್ತರ. ಹೊಡೆಯುವುದಿಲ್ಲ. ನಮ್ಮ ವಶದಲ್ಲಿರುವ ಮಗುವಿನ ಮೇಲಿನ ಕ್ರೌರ್ಯ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ, ಹೆತ್ತವರ ಅನುಮತಿ ಅದಕ್ಕೆ ರಕ್ಷಣೆಯಾಗದು. ಕಾಯ್ದೆ ಇಲ್ಲದಿದ್ದರೂ ಹೊಡೆಯುವುದಿಲ್ಲ.

ಗಂಡ ಹೆಂಡತಿ ಬೇರೆಯಾಗಿರುವ ಮನೆಗಳಲ್ಲಿ “ಅವರ ಅಪ್ಪನ ಜೊತೆ ಕಳುಹಿಸಬೇಡಿ” ಎಂಬ ಬೇಡಿಕೆ ಕಷ್ಟದ್ದು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮ ಹೇಳುತ್ತದೆ ನಿಜ. ಆದರೆ ಯಾರು ಸರಿ ಎಂದು ತೀರ್ಮಾನಿಸಲು ನಾವು ನ್ಯಾಯಾಲಯವಲ್ಲ. ಮಗುವನ್ನು ಕರೆದೊಯ್ಯುವವರ ಹೆಸರು, ಭಾವಚಿತ್ರ, ಫೋನ್ ಸಂಖ್ಯೆಯನ್ನು ದಾಖಲಾತಿಯ ದಿನವೇ ಬರೆಸಿಕೊಳ್ಳಿ. ನ್ಯಾಯಾಲಯದ ಆದೇಶವಿದ್ದರೆ ಪ್ರತಿ ಇಟ್ಟುಕೊಳ್ಳಿ. ಪಟ್ಟಿಯಲ್ಲಿಲ್ಲದವರು ಬಂದರೆ ಕೂರಿಸಿ, ಕುಡಿಯಲು ನೀರು ಕೊಡಿ, ತಾಯಿಗೆ ಫೋನು ಮಾಡಿ. ಗಲಾಟೆಯಾದರೆ 112 ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಏನೇ ಆದರೂ ಮಗುವಿನ ಮುಂದೆ ಅವರ ಅಪ್ಪನ ಬಗ್ಗೆ ಒಂದು ಕೆಟ್ಟ ಮಾತೂ ನಮ್ಮ ಬಾಯಿಂದ ಬರಬಾರದು.

ಸಕಲೇಶಪುರದ ಅಕ್ಕಂದಿರೇ, ಕೊನೆಯ ಈ ಮಾತು ಹೆಚ್ಚಾಗಿ ನಿಮಗೆ. ಕೊಯ್ಲಿನ ಕಾಲಕ್ಕೆ ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ತೋಟಗಳಿಗೆ ಬರುವ ಕೂಲಿಯವರ ಮಕ್ಕಳು ನಿಮ್ಮ ಬಳಿ ಇರುತ್ತಾರೆ. ಆ ತಾಯಂದಿರಲ್ಲಿ ಎಷ್ಟೋ ಜನ ಏನನ್ನೂ ಕೇಳುವುದಿಲ್ಲ. ಭಾಷೆ ಬಾರದು, ಕೇಳಬಹುದೆಂಬ ಧೈರ್ಯವೂ ಇಲ್ಲ. ಏನೂ ಕೇಳದ ತಾಯಿ ಎಂದರೆ ಏನೂ ಬೇಡದ ಮಗು ಎಂದು ತಿಳಿಯಬೇಡಿ. ಮೇಸ್ತ್ರಿಯ ಮೂಲಕವೋ ಕನ್ನಡ ಬಲ್ಲ ಜೊತೆಗಾರ್ತಿಯ ಮೂಲಕವೋ ಮೊದಲ ದಿನವೇ ಕೇಳಿ: ಮಗು ಏನು ತಿಂದರೆ ಮೈ ದದ್ದೇಳುತ್ತದೆ, ಹೇಗೆ ಮಲಗುತ್ತದೆ, ಯಾವ ಲಸಿಕೆ ಆಗಿದೆ. ನೀರು, ಹಸಿವು, ನೋವು, ಅಮ್ಮ ಇವಕ್ಕೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆಂದು ಆ ತಾಯಿಯಿಂದಲೇ ಕಲಿತು ಗೋಡೆಯ ಮೇಲೆ ಕನ್ನಡ ಅಕ್ಷರದಲ್ಲಿ ಬರೆದಿಡಿ. ದಿನವಿಡೀ ಅತ್ತ ಮಗು ತನ್ನ ಮಾತಿನಲ್ಲಿ ‘ನೀರು ಬೇಕಾ’ ಎಂದು ಕೇಳಿಸಿಕೊಂಡ ಕೂಡಲೇ ತಲೆಯೆತ್ತಿ ನೋಡುವುದನ್ನು ನೀವೇ ಕಾಣುತ್ತೀರಿ.

(ಮಾತು ಮುಗಿದ ಮೇಲೆ ಕೂಸಿನ ಮನೆಯ ಆರೈಕೆದಾರರೊಬ್ಬರು, “ಜೊತೆಯವಳು ರಜೆ ಹಾಕಿದರೆ ನಾನೊಬ್ಬಳೇ ಇರುತ್ತೇನೆ. ಆಗ ಇದನ್ನೆಲ್ಲ ಹೇಗೆ ಮಾಡುವುದು?” ಎಂದು ಕೇಳಿದರು.)

ಮಾಡಲಾಗುವುದಿಲ್ಲ ಅಕ್ಕ, ಅದನ್ನು ಬೆಳಿಗ್ಗೆಯೇ ಬಾಗಿಲಲ್ಲಿ ಹೇಳಿಬಿಡಿ. ಇವತ್ತು ನಾನೊಬ್ಬಳೇ ಇದ್ದೇನೆ, ಊಟ, ನಿದ್ದೆ, ಶುಚಿ ನೋಡಿಕೊಳ್ಳುತ್ತೇನೆ, ಔಷಧದ ಹೊಣೆ ಹೊರಲಾರೆ ಎನ್ನಿ. ಪಂಚಾಯಿತಿಗೂ ಅದೇ ದಿನ ಬರೆದು ತಿಳಿಸಿ, ಬಾಯಿಮಾತಿನಲ್ಲಿ ಬಿಡಬೇಡಿ. ಇನ್ನೊಂದು ದಾರಿಯೂ ಇದೆ. ದಿನಕ್ಕೆ ಮೂರು ಬಾರಿ ಎಂದು ಬರೆದ ಔಷಧವನ್ನು ಬೆಳಿಗ್ಗೆ, ರಾತ್ರಿ ಎರಡೇ ಬಾರಿ ಕೊಡುವಂತೆ ಬದಲಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಲು ತಾಯಂದಿರಿಗೆ ಹೇಳಿ. ಕೆಲವು ಔಷಧಗಳಿಗೆ ಅದು ಸಾಧ್ಯ, ಕೇಳಿದರೆ ವೈದ್ಯರು ಬರೆದುಕೊಡುತ್ತಾರೆ. ಆಗ ಎರಡೂ ಡೋಸು ಮನೆಯಲ್ಲೇ ಆಗುತ್ತದೆ, ಮಧ್ಯಾಹ್ನ ನಿಮ್ಮ ಕೈ ಮಕ್ಕಳಿಗೆ ಉಣಿಸಲು ಬಿಡುವಾಗಿರುತ್ತದೆ.